ತುಮಕೂರು ಸೀಮೆಯ ಜಿಯಾಯ್ಡ್: 118 ಕಡೆ ಗುರುತ್ವ ಅಳೆದ ಕೆಲಸದ ದಿನಚರಿ

ಗುಬ್ಬಿ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರೆ. ಅದೇ ಬೋರ್ಡಿನ ಬುಡದಲ್ಲಿ ಸರ್ವೆ ಜಿಪಿಎಸ್ ಇಟ್ಟು ನೋಡಿದರೆ ಎತ್ತರ ಸುಮಾರು 86 ಮೀಟರ್ ಕಡಿಮೆ ಬರುತ್ತದೆ. ಎರಡೂ ಸರಿಯೇ. ಜಿಪಿಎಸ್ ಅಳೆಯುವುದು ಲೆಕ್ಕಕ್ಕೆ ಅಂತ ಮಾಡಿಕೊಂಡ ನುಣುಪಾದ ಭೂಮಿಯಿಂದ, ಅಂದರೆ ಎಲಿಪ್ಸಾಯ್ಡಿನಿಂದ. ಬೋರ್ಡಿನ ಲೆಕ್ಕ ನಿಂತ ನೀರಿನ ಮಟ್ಟದಿಂದ. ಸಮುದ್ರದ ನೀರನ್ನು ನೆಲದ ಅಡಿಯಲ್ಲಿ ಇಲ್ಲಿಯವರೆಗೂ ತಂದು ನಿಲ್ಲಿಸಿದರೆ ಅದರ ಮಟ್ಟ ಎಲ್ಲಿರುತ್ತದೋ ಅದೇ ಜಿಯಾಯ್ಡ್. ನಮ್ಮ ಕಡೆ ಅದು ಎಲಿಪ್ಸಾಯ್ಡಿಗಿಂತ 86 ಮೀಟರಿನಷ್ಟು ಕೆಳಗಿದೆ. ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಈ ತಗ್ಗು 106 ಮೀಟರ್ ಮುಟ್ಟುತ್ತದೆ. ಇಡೀ ಭೂಮಿಯಲ್ಲೇ ಅದಕ್ಕಿಂತ ಆಳದ ಜಾಗ ಇಲ್ಲ. ಅದು ಯಾಕೆ ಹಾಗೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು 2023ರಲ್ಲಿ ಒಂದು ಉತ್ತರ ಕೊಟ್ಟಿದ್ದಾರೆ. ನನ್ನ ಕೆಲಸ ಅಷ್ಟು ದೊಡ್ಡದಲ್ಲ. ತುಮಕೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಕುಣಿಗಲ್ ನಡುವಿನ ಸುಮಾರು 54 ಕಿ.ಮೀ. ಅಗಲ, 50 ಕಿ.ಮೀ. ಉದ್ದದ ಜಾಗದಲ್ಲಿ ಆ ಮಟ್ಟ ಹೇಗೆ ಏರಿಳಿಯುತ್ತದೆ ಅಂತ ನೋಡುವುದು.

ನಾಲ್ಕು ತಿಂಗಳು ಹಿಡಿಯಿತು. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಗುರುತ್ವ ಅಳೆಯುವುದು ಕಷ್ಟವಾಗಲಿಲ್ಲ. ಕೆಲಸ ಕೆಡಿಸಿದ್ದೆಲ್ಲ ಎತ್ತರದ ಲೆಕ್ಕ.

ಯಾಕೆ ಶುರುವಾಯಿತು

ಒಂದು ಕೆರೆಯಿಂದ ಇನ್ನೊಂದು ಕೆರೆಗೆ ದಕ್ಷಿಣದಿಂದ ಉತ್ತರಕ್ಕೆ 9 ಕಿ.ಮೀ. ಕಾಲುವೆ ತೆಗೆಯಬೇಕಿತ್ತು. ಸರ್ವೆ ನಮ್ಮದು. ಜಿಪಿಎಸ್ಸಿನಲ್ಲಿ ಎರಡು ತುದಿಗಳ ನಡುವೆ ಇಳಿತ 1.02 ಮೀ. ಬಂತು. ಅದೇ ದಾರಿಯಲ್ಲಿ ಆಟೋ ಲೆವೆಲ್ (ಮಟ್ಟ ನೋಡುವ ಸರ್ವೆ ದುರ್ಬೀನು) ಓಡಿಸಿದಾಗ 1.21 ಮೀ. ಬಂತು. ಮೂರು ಸಲ ಅಳೆದರೂ 19 ಸೆಂ.ಮೀ. ವ್ಯತ್ಯಾಸ ಹೋಗಲಿಲ್ಲ.

ಕಾರಣ ಇಷ್ಟೇ. ಉತ್ತರಕ್ಕೆ ಹೋದ ಹಾಗೆ ಜಿಯಾಯ್ಡ್ ನಿಧಾನವಾಗಿ ಮೇಲೇಳುತ್ತದೆ, ಕಿ.ಮೀ.ಗೆ ಸುಮಾರು 2 ಸೆಂ.ಮೀ. ಪುಕ್ಕಟೆ ಸಿಗುವ ಜಾಗತಿಕ ಜಿಯಾಯ್ಡ್ ಮಾದರಿ ಇಜಿಎಂ2008 ಹಾಕಿ ನೋಡಿದೆ. ಅದು 14 ಸೆಂ.ಮೀ. ಲೆಕ್ಕ ಕೊಟ್ಟಿತು. ಇನ್ನೂ 5 ಸೆಂ.ಮೀ. ಉಳಿಯಿತು. ಆ ಮಾದರಿಯ ಕಣ್ಣಿಗೆ ಸುಮಾರು 9 ಕಿ.ಮೀ.ಗಿಂತ ಸಣ್ಣದು ಕಾಣುವುದಿಲ್ಲ. ಇಲ್ಲಿ ಪೂರ್ವಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್, ನಡುವೆ ನೈಸ್ ಕಲ್ಲು, ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್ ಇರುವ ತೂಕದ ಷಿಸ್ಟ್ ಪಟ್ಟಿ. ಕಲ್ಲಿನ ತೂಕ ಬದಲಾದರೆ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ನೀರಿನ ಮಟ್ಟವೂ ಬದಲಾಗುತ್ತದೆ. ಅಳೆದೇ ನೋಡೋಣ ಅನ್ನಿಸಿತು.

ಹಂತ 1: ನವೆಂಬರ್ 18ರಿಂದ 21, ಯಂತ್ರ ಮತ್ತು ಬೇಸ್

ಯಂತ್ರ ಸ್ಕಿಂಟ್ರೆಕ್ಸ್ ಸಿಜಿ-5 ಗ್ರಾವಿಮೀಟರ್, ಅಂದರೆ ಗುರುತ್ವ ಅಳೆಯುವ ಯಂತ್ರ. ಒಂದು ಕಾಲೇಜಿನ ಲ್ಯಾಬಿನಿಂದ ಎರವಲು ತಂದದ್ದು. ಬ್ಯಾಟರಿ ಸೇರಿ 8 ಕೆ.ಜಿ. ಒಳಗೆ ಕ್ವಾರ್ಟ್ಜ್ ಸ್ಪ್ರಿಂಗ್. ಜೊತೆಗೆ ಎರಡು ಸರ್ವೆ ಜಿಪಿಎಸ್, 2 ಮೀ. ಕೋಲು, ಟೇಪು, ಬಣ್ಣದ ಡಬ್ಬಿ, ಕಬ್ಬಿಣದ ಮೊಳೆ, ಒಂದು ನೋಟ್‌ಬುಕ್.

ಈ ಯಂತ್ರ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಪೂರ್ತಿ ಬೆಲೆ ಗೊತ್ತಿರುವ ಒಂದು ಬಿಂದುವಿನಿಂದ ತುಮಕೂರಿಗೆ, ಮತ್ತೆ ಬೆಂಗಳೂರಿಗೆ, ಮತ್ತೆ ತುಮಕೂರಿಗೆ ಓಡಾಡಿ ನಮ್ಮ ಬೇಸಿಗೆ, ಅಂದರೆ ದಿನಾ ಅಳತೆ ಶುರುಮಾಡಿ ಮುಗಿಸುವ ಬಿಂದುವಿಗೆ, ಬೆಲೆ ತಂದುಕೊಂಡೆವು.

ಮೊದಲ ತಪ್ಪು ಇಲ್ಲೇ. ಬೇಸನ್ನು ಊರ ಮುಂದಿನ ಅರಳಿಕಟ್ಟೆ ಮೇಲೆ ಮಾಡಿದೆ. ಕಲ್ಲು ಚಪ್ಪಡಿ ಗಟ್ಟಿಯಾಗಿತ್ತು, ನೆರಳಿತ್ತು, ಗುರುತು ಹಿಡಿಯಲು ಸುಲಭ. ಬೆಳಿಗ್ಗೆ ರೀಡಿಂಗಿನ ಅಲುಗಾಟ 0.02 ಮಿಲಿಗಾಲ್ (ಗುರುತ್ವ ಅಳೆಯುವ ಸಣ್ಣ ಮಾನ) ಇತ್ತು, ಮಧ್ಯಾಹ್ನ 0.09 ಆಯಿತು. ಯಂತ್ರ ಕೆಟ್ಟಿತು ಅಂದುಕೊಂಡೆ. ಆಮೇಲೆ ತಲೆ ಎತ್ತಿ ನೋಡಿದರೆ ಗಾಳಿಗೆ ಇಡೀ ಮರ ತೂಗುತ್ತಿತ್ತು. ಬೇರು ಚಪ್ಪಡಿಯ ಕೆಳಗೇ ಹರಡಿದೆ, ಅಲ್ವಾ? ಮರ ಅಲುಗಿದರೆ ಕಟ್ಟೆ ಅಲುಗುತ್ತದೆ. ಮಾರನೆಯ ದಿನ ಬೇಸನ್ನು ಪಕ್ಕದ ಸ್ಕೂಲಿನ ಜಗಲಿಗೆ ಬದಲಾಯಿಸಿ ಬೆಂಗಳೂರಿನ ಓಡಾಟವನ್ನು ಮೊದಲಿಂದ ಮಾಡಿದೆವು. ಎರಡು ದಿನ ದಂಡ.

ಹಂತ 2: ನವೆಂಬರ್ 25ರಿಂದ ಡಿಸೆಂಬರ್ 20, ಓಡಾಟ

ಸುಮಾರು 5 ಕಿ.ಮೀ.ಗೊಂದು ಸ್ಟೇಷನ್, ಅಂದರೆ ಅಳೆಯುವ ಜಾಗ. ಬೆಳಿಗ್ಗೆ ಬೇಸಿನಲ್ಲಿ ರೀಡಿಂಗ್, ಮಧ್ಯಾಹ್ನ ಆದರೆ ಒಂದು, ಸಂಜೆ ಮತ್ತೆ ಬೇಸು. ಸ್ಪ್ರಿಂಗ್ ದಿನವಿಡೀ ನಿಧಾನವಾಗಿ ಸಡಿಲವಾಗುತ್ತಾ ಹೋಗುತ್ತದೆ. ಬೇಸಿಗೆ ವಾಪಸ್ ಬಂದರೆ ಮಾತ್ರ ಅದು ಎಷ್ಟು ಅಂತ ಗೊತ್ತಾಗುವುದು. ಒಂದೊಂದು ಸ್ಟೇಷನ್ನಿನಲ್ಲಿ 60 ಸೆಕೆಂಡಿನ ಐದು ರೀಡಿಂಗ್, ಜಿಪಿಎಸ್ 25 ನಿಮಿಷ. ದಿನಕ್ಕೆ ಏಳು ಸ್ಟೇಷನ್ ಆದರೆ ಒಳ್ಳೆಯ ದಿನ.

ಸ್ಟೇಷನ್ 43ರ ಪುಟ ನನ್ನ ಮುಂದಿದೆ. ತುರುವೇಕೆರೆ ರಸ್ತೆ, ಮೋರಿ ಕಟ್ಟೆಯ ಪಕ್ಕ. 11:42. ಅಲುಗಾಟ 0.018. ಆಂಟೆನಾ 2.000. ಕೆಳಗೆ ಪೆನ್ಸಿಲ್ಲಿನಲ್ಲಿ: ‘ತೆಂಗಿನ ತೋಟ ಎರಡೂ ಕಡೆ, ಯಜಮಾನರು ಎಳನೀರು ಕೊಟ್ಟರು.’ ಈ ಸೀಮೆಯಲ್ಲಿ ಹೊಲದ ಬದಿ ಯಾವ ಯಂತ್ರ ಇಟ್ಟರೂ ಕೇಳುವ ಪ್ರಶ್ನೆ ಒಂದೇ.

“ಏನ್ ಸ್ವಾಮಿ, ಬೋರ್ ಪಾಯಿಂಟ್ ಹಾಕ್ತಿದ್ದೀರಾ?”

“ಇಲ್ಲ ಯಜಮಾನ್ರೇ, ಭೂಮಿ ಎಳೆತ ಅಳೀತಿದ್ದೀವಿ.”

“ಎಳೆತ ಅಳೆದ್ರೆ ನೀರು ಸಿಗುತ್ತಾ?”

“ನೀರು ಎಲ್ಲಿದೆ ಅಂತ ಗೊತ್ತಾಗಲ್ಲ. ಕಾಲುವೆ ತೆಗೆದ್ರೆ ಯಾವ ಕಡೆ ಹರಿಯುತ್ತೆ ಅಂತ ಗೊತ್ತಾಗುತ್ತೆ.”

“ತಗ್ಗಿನ ಕಡೆ ಹರಿಯುತ್ತೆ, ಇನ್ನೆಲ್ಲಿಗೆ ಹೋಗುತ್ತೆ?”

ಸರಿಯಾದ ಮಾತು. ಆ ತಗ್ಗು ಯಾವ ಕಡೆ ಇದೆ ಅಂತ ಸೆಂಟಿಮೀಟರಿನಲ್ಲಿ ಹೇಳುವುದಕ್ಕೇ ಇಷ್ಟೆಲ್ಲ ಅಂದೆ. ಅವರು ತೋಟದೊಳಗೆ ಕರೆದುಕೊಂಡು ಹೋಗಿ ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಅಂತ ತೋರಿಸಿದರು. ಅರ್ಧ ಗಂಟೆ ಹೋಯಿತು. ಆದರೆ ತೋಟದ ಒಳಗೆ ಹೋಗಿದ್ದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಅದು ಮುಂದೆ ಬರುತ್ತದೆ.

ಈ ಹಂತದ ತಪ್ಪುಗಳು ಬರೆದ ಕ್ರಮದಲ್ಲೇ ಇವೆ.

ಡಿಸೆಂಬರ್ 3. ರಾತ್ರಿ ಕರೆಂಟ್ ಹೋಯಿತು. ಯಂತ್ರ ಲಾಡ್ಜಿನಲ್ಲಿ ಚಾರ್ಜಿಗೆ ಇತ್ತು, ಒಳಗಿನ ಬ್ಯಾಟರಿ ಹಳೆಯದು. ಬೆಳಗಿನ ಹೊತ್ತಿಗೆ ಪೂರ್ತಿ ಖಾಲಿ. ಸಿಜಿ-5ರ ಸ್ಪ್ರಿಂಗನ್ನು ಸದಾ ಒಂದೇ ಬಿಸಿಯಲ್ಲಿ ಇಟ್ಟಿರಬೇಕು. ಒಮ್ಮೆ ತಣ್ಣಗಾದರೆ ಮತ್ತೆ ಹದಕ್ಕೆ ಬರಲು 48 ಗಂಟೆ ಬೇಕು. ಎರಡು ದಿನ ಸುಮ್ನೆ ಕೂತೆವು. ಹೊಸ ಬ್ಯಾಟರಿಗೆ ₹6,500. ಮೊದಲೇ ತಂದಿದ್ದರೆ ಎರಡು ದಿನದ ಗಾಡಿ ಬಾಡಿಗೆಯಾದರೂ ಉಳಿಯುತ್ತಿತ್ತು.

ಡಿಸೆಂಬರ್ 9. ರಸ್ತೆ ಹಂಪಿನ ಮೇಲೆ ಗಾಡಿ ಎಗರಿತು. ಸಂಜೆ ಬೇಸಿಗೆ ಬಂದಾಗ ರೀಡಿಂಗ್ 0.11 ಮಿಲಿಗಾಲ್ ಹಾರಿತ್ತು. ಯಾವ ಹೊತ್ತಿಗೆ ಹಾರಿತು ಅಂತ ಹೇಳಲು ದಾರಿ ಇಲ್ಲ. ಆ ದಿನದ ಐದು ಸ್ಟೇಷನ್ ಹೊಡೆದುಹಾಕಿ ಮತ್ತೆ ಮಾಡಿದೆವು. ಅಂದಿನಿಂದ ಯಂತ್ರಕ್ಕೆ ಹಿಂದಿನ ಸೀಟಿನಲ್ಲಿ ದಪ್ಪ ಫೋಮ್, ಮೇಲೆ ಒಬ್ಬರ ಕೈ.

ಡಿಸೆಂಬರ್ 14. ಇದು ಬಲವಾದ ತಪ್ಪು, ಮೂರು ವಾರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೂರ್ಯ, ಚಂದ್ರರ ಎಳೆತಕ್ಕೆ ಗಟ್ಟಿ ನೆಲವೂ ಉಬ್ಬಿ ಇಳಿಯುತ್ತದೆ. ಯಂತ್ರ ಅದನ್ನು ತಾನೇ ಲೆಕ್ಕದಿಂದ ಕಳೆಯುತ್ತದೆ. ಅದಕ್ಕೆ ಗ್ರೀನಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಐದೂವರೆ ಗಂಟೆ ವ್ಯತ್ಯಾಸ ಹೇಳಬೇಕು. ನಾನು ಚಿಹ್ನೆ ತಿರುಗಾ ಮುರುಗಾ ಹಾಕಿದ್ದೆ. ಅಂದರೆ ಲೆಕ್ಕ 11 ಗಂಟೆ ಆಚೆಯದು ಆಯಿತು. ಈ ತಪ್ಪು ಚೆನ್ನಾಗಿ ಅಡಗಿಕೊಳ್ಳುತ್ತದೆ. ಉಬ್ಬರದ ಒಂದು ಸುತ್ತು 12 ಗಂಟೆ 25 ನಿಮಿಷ, 11 ಗಂಟೆ ಅದಕ್ಕೆ ಹತ್ತಿರ. ಹಾಗಾಗಿ ತಪ್ಪು ಬೆಲೆಗಳೂ ನೋಡಲು ಹೆಚ್ಚುಕಡಿಮೆ ಸರಿಯಾಗೇ ಕಾಣುತ್ತವೆ. ಎರಡನೇ ಸಲ ಅಳೆದ ಸ್ಟೇಷನ್‌ಗಳು 0.08 ಮಿಲಿಗಾಲ್ ತನಕ ಹೊಂದದೆ ಹೋದಾಗ ಅನುಮಾನ ಬಂತು. ಪುಣ್ಯಕ್ಕೆ ಯಂತ್ರ ಪ್ರತಿ ಸಾಲಿನಲ್ಲೂ ತಾನು ಕಳೆದದ್ದನ್ನು ಬರೆದಿಟ್ಟಿರುತ್ತದೆ. ಅದನ್ನು ವಾಪಸ್ ಸೇರಿಸಿ ಸರಿಯಾದ ಸಮಯಕ್ಕೆ ಮತ್ತೆ ಲೆಕ್ಕ ಹಾಕಿದೆ. ಎರಡು ಸಲ ಅಳೆದ 14 ಸ್ಟೇಷನ್‌ಗಳ ವ್ಯತ್ಯಾಸ 0.03ಕ್ಕೆ ಇಳಿಯಿತು.

ಒಟ್ಟು 19 ದಿನ, 118 ಸ್ಟೇಷನ್. ಖರ್ಚು: ಗಾಡಿ, ಡೀಸೆಲ್, ಡ್ರೈವರ್ ಸೇರಿ ದಿನಕ್ಕೆ ₹2,800ರಂತೆ ₹53,200. ಊಟ, ರೂಮು ₹20,900. ಬ್ಯಾಟರಿ ₹6,500. ಮೊಳೆ, ಬಣ್ಣ, ಫೋಮ್ ₹1,850. ಒಟ್ಟು ₹82,450.

ಹಂತ 3: ಜನವರಿ 4ರಿಂದ 17, ಲೆಕ್ಕ, ಮತ್ತು 86 ಮೀಟರಿನ ತಪ್ಪು

ದಾರಿ ಹೀಗೆ. ಪ್ರತಿ ಸ್ಟೇಷನ್ನಿನ ಗುರುತ್ವವನ್ನು ಜಿಯಾಯ್ಡಿನ ಮಟ್ಟಕ್ಕೆ ಇಳಿಸಬೇಕು, ಮೀಟರಿಗೆ 0.3086 ಮಿಲಿಗಾಲ್ ಲೆಕ್ಕದಲ್ಲಿ. ಆ ಅಕ್ಷಾಂಶದಲ್ಲಿ ಇರಬೇಕಾದ ಬೆಲೆ ಕಳೆಯಬೇಕು. ಉಳಿದದ್ದರಲ್ಲಿ ಇಜಿಎಂ2008 ಈಗಾಗಲೇ ಹೇಳುವುದನ್ನು ತೆಗೆಯಬೇಕು. ಕೊನೆಗೆ ಮಿಕ್ಕ ಚೂರನ್ನು ಸ್ಟೋಕ್ಸ್ 1849ರಲ್ಲಿ ಕೊಟ್ಟ ಸೂತ್ರದಲ್ಲಿ ಹಾಕಿ ಎತ್ತರ ಮಾಡಿಕೊಂಡು, ತೆಗೆದದ್ದನ್ನು ಮತ್ತೆ ಸೇರಿಸಬೇಕು. ಎಲ್ಲ ಪೈಥಾನ್‌ನಲ್ಲಿ ಬರೆದೆ.

ಇಲ್ಲಿ ಒಂದು ಗಂಟು ಇದೆ. ಜಿಯಾಯ್ಡ್ ಬೇಕಾದರೆ ಸಮುದ್ರ ಮಟ್ಟದ ಎತ್ತರ ಬೇಕು. ಜಿಪಿಎಸ್ಸಿನಿಂದ ಆ ಎತ್ತರ ಬೇಕಾದರೆ ಜಿಯಾಯ್ಡ್ ಬೇಕು. ಗಾಬರಿ ಆಗಬೇಕಿಲ್ಲ. ಇಜಿಎಂ2008ರ ಬೆಲೆಯನ್ನೇ ಸದ್ಯಕ್ಕೆ ಹಿಡಿದರೆ ಸಾಕು. ಅದು ಅರ್ಧ ಮೀಟರ್ ತಪ್ಪಿದ್ದರೂ ಗುರುತ್ವದಲ್ಲಿ 0.15 ಮಿಲಿಗಾಲ್ ಮಾತ್ರ ಹೆಚ್ಚುಕಮ್ಮಿ.

ಮೊದಲ ನಕ್ಷೆ ಬಂತು. ನಡುವೆ, ಗುಬ್ಬಿಯ ದಕ್ಷಿಣಕ್ಕೆ, ಬಾಂಡ್ಲಿಯ ಹಾಗೆ ಮುಕ್ಕಾಲು ಮೀಟರ್ ಗುಳಿ. ಮಿಕ್ಕ ಚೂರುಗಳ ಸರಾಸರಿ ಸೊನ್ನೆಯ ಹತ್ತಿರ ಇರಬೇಕಿತ್ತು, ಮೈನಸ್ 27 ಮಿಲಿಗಾಲ್ ಇತ್ತು. ಮೂರು ದಿನ ನಾನು ತಪ್ಪು ಕಡೆ ಹುಡುಕಿದೆ. ಜಾಗತಿಕ ಮಾದರಿ ನಮ್ಮ ಕಡೆಗೆ ಸರಿಯಿಲ್ಲ ಅಂದುಕೊಂಡೆ. ಬೆಂಗಳೂರಿನ ಬಿಂದುವಿನ ಬೆಲೆಯನ್ನೇ ಅನುಮಾನಿಸಿದೆ.

ನಾಲ್ಕನೇ ದಿನ ಕಂಪ್ಯೂಟರ್ ಮುಚ್ಚಿ ಸ್ಟೇಷನ್ 43 ಒಂದನ್ನೇ ಕಾಗದದ ಮೇಲೆ ಮಾಡಿದೆ. ಅಳೆದ ಬೆಲೆ 978046 ಮಿಲಿಗಾಲ್. ಎತ್ತರ 812 ಮೀ. ಅಂದರೆ 250.6 ಸೇರಿಸಬೇಕು. ಅಲ್ಲಿ ಇರಬೇಕಾದದ್ದು 978306. ಮಿಕ್ಕಿದ್ದು ಮೈನಸ್ 9ರ ಆಸುಪಾಸು. ಪ್ರೋಗ್ರಾಂ ಕೊಟ್ಟದ್ದು ಮೈನಸ್ 36. ವ್ಯತ್ಯಾಸ 26.5, ಅದನ್ನು 0.3086ರಿಂದ ಭಾಗಿಸಿದೆ. 86.

ಜಿಪಿಎಸ್ ಫೈಲಿನಲ್ಲಿ ಎರಡು ಎತ್ತರದ ಕಾಲಂ ಇದ್ದವು. ಪ್ರೋಗ್ರಾಂ ಎಲಿಪ್ಸಾಯ್ಡಿನ ಕಾಲಂ ಓದುತ್ತಿತ್ತು. ಇಡೀ ಕೆಲಸ ಶುರುವಾದದ್ದೇ ಈ ಎರಡು ಎತ್ತರ ಬೇರೆ ಬೇರೆ ಅನ್ನುವುದರಿಂದ. ಅದನ್ನೇ ಮರೆತು ಕಾಲಂ ನಂಬರ್ ಬರೆದಿದ್ದೆ. ಒಂದು ಅಂಕಿ ಬದಲಾಯಿಸಿದ ಮೇಲೆ ಸರಾಸರಿ ಮೈನಸ್ 0.9ಕ್ಕೆ ಬಂತು, ಬಾಂಡ್ಲಿ ಹೋಯಿತು. ನಮ್ಮ ಕಡೆ ಈ ಕೆಲಸ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ: ಮಿಕ್ಕ ಚೂರುಗಳೆಲ್ಲ 26, 27ರ ಹತ್ತಿರ ನಿಂತರೆ ಮೊದಲು ಎತ್ತರದ ಕಾಲಂ ನೋಡಿ.

ಇನ್ನೊಂದು ಲೆಕ್ಕವೂ ಇಟ್ಟುಕೊಳ್ಳಿ. 50 ಕಿ.ಮೀ. ತ್ರಿಜ್ಯದ ಒಳಗೆ ಎಲ್ಲ ಕಡೆ 1 ಮಿಲಿಗಾಲ್ ತಪ್ಪಿದರೆ ನಡುವೆ ಜಿಯಾಯ್ಡ್ ಸುಮಾರು 5 ಸೆಂ.ಮೀ. ತಪ್ಪುತ್ತದೆ. ಒಂದೆರಡು ಸ್ಟೇಷನ್ ಅಲ್ಪಸ್ವಲ್ಪ ಕೆಟ್ಟರೆ ತೊಂದರೆ ಇಲ್ಲ. ಎಲ್ಲವೂ ಒಂದೇ ದಿಕ್ಕಿಗೆ ತಪ್ಪಿದರೆ ಕೆಲಸ ಹಾಳು.

ಅಂಚಿನ ಆಚೆಗೆ ನಾನು ಹಳೆಯ ಗುರುತ್ವ ಪಟ್ಟಿಯ ಕೆಲವು ಬೆಲೆ ಸೇರಿಸಿದ್ದೆ. ಅಲ್ಲೂ ಹೀಗೇ ಆಯಿತು. ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿ ಅಳೆದ ಬೆಲೆಯನ್ನು ಆಧಾರ ಮಾಡಿಕೊಂಡ ಹಳೆಯ ಪದ್ಧತಿಯ ಬೆಲೆಗಳು 14 ಮಿಲಿಗಾಲ್ ಜಾಸ್ತಿ ಅಂತ ಗೊತ್ತಿತ್ತು, ಕಳೆದೆ. ಅದೇ ಪಟ್ಟಿಯವರು ಅಕ್ಷಾಂಶಕ್ಕೆ ಇರಬೇಕಾದ ಬೆಲೆಗೆ 1930ರ ಸೂತ್ರ ಬಳಸಿದ್ದರು, ಅದು ನಮ್ಮ ಅಕ್ಷಾಂಶದಲ್ಲಿ 1980ರ ಸೂತ್ರಕ್ಕಿಂತ 15.6 ಜಾಸ್ತಿ ಅನ್ನುವುದನ್ನು ನೋಡಲಿಲ್ಲ. ಎರಡನ್ನೂ ಸರಿಮಾಡಿದರೆ ಹೆಚ್ಚುಕಡಿಮೆ ವಜಾ ಆಗಿ 1.6 ಉಳಿಯುತ್ತದೆ. ಒಂದನ್ನೇ ಮಾಡಿದ್ದರಿಂದ ಅಂಚೆಲ್ಲ ಕುಸಿದಿತ್ತು.

ಹಂತ 4: ಜನವರಿ 20ರಿಂದ 31, ತೆಂಗಿನ ತೋಟ

ಸ್ಟೇಷನ್‌ಗಳ ನಡುವಿನ ಖಾಲಿ ಜಾಗ ತುಂಬಲು ನೆಲದ ಎತ್ತರದ ನಕ್ಷೆ ಬೇಕು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರಿನಲ್ಲಿ ಅಳೆದ ಎಸ್‌ಆರ್‌ಟಿಎಂ ಬಳಸಿದೆ. ರಸ್ತೆಯ ಮೇಲಿನ ಸ್ಟೇಷನ್‌ಗಳಿಗೆ ಹೋಲಿಸಿದಾಗ ಪರವಾಗಿಲ್ಲ ಅನ್ನಿಸಿತ್ತು. ಆದರೆ ತುರುವೇಕೆರೆ ಕಡೆಯ ಸ್ಟೇಷನ್‌ಗಳಲ್ಲಿ ನಕ್ಷೆ ಸ್ವಲ್ಪ ಮೇಲೆಯೇ ಇತ್ತು. ಆಗ ಆ ಎಳನೀರಿನ ತೋಟ ನೆನಪಾಯಿತು. ರೇಡಾರ್ ನೋಡಿದ್ದು ನೆಲವನ್ನಲ್ಲ, ಗರಿಗಳನ್ನು.

ಮತ್ತೆ ಹೋದೆ. ಒಂಬತ್ತು ತೋಟಗಳ ಒಳಗೆ ಲೆವೆಲ್ ಹಿಡಿದು ನೆಲದ ಎತ್ತರ ತೆಗೆದೆ, ಏಕೆಂದರೆ ಗರಿಗಳ ಕೆಳಗೆ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ. ನಕ್ಷೆ ಸರಾಸರಿ 7 ಮೀ. ಜಾಸ್ತಿ ಹೇಳುತ್ತಿತ್ತು. ಒಂದು ಮೀಟರ್ ದಪ್ಪದ ಕಲ್ಲಿನ ಎಳೆತ 0.1119 ಮಿಲಿಗಾಲ್, ಆ ಲೆಕ್ಕದಲ್ಲಿ ಸುಮಾರು 0.8 ಮಿಲಿಗಾಲ್ ತಪ್ಪು. ತೋಟಗಳು ಒತ್ತಾಗಿರುವ 20 ಕಿ.ಮೀ. ತ್ರಿಜ್ಯದಲ್ಲಿ ಇದು ಜಿಯಾಯ್ಡನ್ನು 1.6 ಸೆಂ.ಮೀ. ಎತ್ತಿಬಿಡುತ್ತದೆ. ಉಪಗ್ರಹ ಚಿತ್ರದ ಮೇಲೆ ತೋಟಗಳ ಗಡಿ ಎಳೆದು ಅಷ್ಟರ ಮಟ್ಟಿಗೆ ನೆಲ ಇಳಿಸಿದೆ. ನಾಲ್ಕು ರಾತ್ರಿ ಹಿಡಿಯಿತು.

ಹಂತ 5: ಫೆಬ್ರವರಿ, ಲೆವೆಲ್ ಕಲ್ಲುಗಳ ಜೊತೆ ತಾಳೆ

ಲೆವೆಲ್ ಎತ್ತರ ಗೊತ್ತಿರುವ ಒಂಬತ್ತು ಬೆಂಚ್‌ಮಾರ್ಕ್ ಕಲ್ಲುಗಳ ಮೇಲೆ ಜಿಪಿಎಸ್ ಇಟ್ಟು ಎರಡೆರಡು ಗಂಟೆ ಕಾದೆವು. ನಮ್ಮ ಲೆಕ್ಕದ ಎತ್ತರಕ್ಕೂ ಕಲ್ಲಿನ ಎತ್ತರಕ್ಕೂ ಹೆಚ್ಚುಕಡಿಮೆ ಎಲ್ಲ ಕಡೆ 41 ಸೆಂ.ಮೀ. ವ್ಯತ್ಯಾಸ ಬಂತು. ಅದು ತಪ್ಪಲ್ಲ. ನಮ್ಮ ದೇಶದ ಹಳೆಯ ಲೆವೆಲ್ ಎತ್ತರಗಳು 1909ರ ಲೆಕ್ಕದ್ದು. ಕಾರವಾರ, ಮುಂಬೈ, ಕರಾಚಿ, ಚೆನ್ನೈ ಸೇರಿ ಒಂಬತ್ತು ಬಂದರುಗಳ ಸಮುದ್ರ ಮಟ್ಟವನ್ನು ಸೊನ್ನೆ ಅಂತ ಹಿಡಿದದ್ದು. ಅದಕ್ಕೂ ಜಾಗತಿಕ ಸೊನ್ನೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆ ಸರಾಸರಿ ಕಳೆದೆ.

ಒಂದು ಕಲ್ಲು ಮಾತ್ರ 19 ಸೆಂ.ಮೀ. ಆಚೆ ನಿಂತಿತು. ಹೊಂದಲಿಲ್ಲ ಅಂತ ಬಿಟ್ಟುಬಿಡುವುದು ಸುಲಭ, ಆದರೆ ಹಾಗೆ ಮಾಡಿದರೆ ಬೇಕಾದ ಉತ್ತರವನ್ನು ನಾವೇ ಬರೆದುಕೊಂಡ ಹಾಗೆ. ಪಕ್ಕದ ಕಲ್ಲಿನಿಂದ 3.2 ಕಿ.ಮೀ. ಲೆವೆಲ್ ಓಡಿಸಿದೆವು. ಕಲ್ಲೇ 18 ಸೆಂ.ಮೀ. ಎದ್ದಿತ್ತು. ರಸ್ತೆ ಅಗಲ ಮಾಡುವಾಗ ಕಿತ್ತು ಮತ್ತೆ ನೆಟ್ಟಿದ್ದಾರೆ ಅಂತ ಅಲ್ಲಿನ ಟೀ ಅಂಗಡಿಯವರು ಹೇಳಿದರು. ಆಮೇಲೆ ಪಟ್ಟಿಯಿಂದ ತೆಗೆದೆ.

ಉಳಿದ ಎಂಟರಲ್ಲಿ ಚದುರಿಕೆ ಹೀಗೆ ಬಂತು. ಇಜಿಎಂ2008 ಒಂದೇ ಇದ್ದಾಗ 6.8 ಸೆಂ.ಮೀ. ನಮ್ಮ ಮಾದರಿ, ಕಾಲಂ ತಪ್ಪಿದ್ದಾಗ 21. ಸರಿಮಾಡಿದ ಮೇಲೆ 4.4. ತೆಂಗಿನ ತೋಟ ಸರಿಮಾಡಿದ ಮೇಲೆ 3.6. ಜಿಪಿಎಸ್ಸಿಗೇ 2 ಸೆಂ.ಮೀ. ಅಲುಗಾಟ ಇರುವಾಗ ಇದಕ್ಕಿಂತ ಬಹಳ ಕೆಳಗೆ ಹೋಗುವುದು ಕಷ್ಟ. ಮೊದಲಿನ ಆ ಕಾಲುವೆಗೆ ಹಾಕಿ ನೋಡಿದೆ. ಲೆವೆಲ್ಲಿನ ಪ್ರಕಾರ 19 ಸೆಂ.ಮೀ. ಬರಬೇಕು, ಮಾದರಿ 17.5 ಕೊಟ್ಟಿತು.

ಈಗ ಎಲ್ಲಿ ನಿಂತಿದೆ

ಪಶ್ಚಿಮದ ಅಂಚಿನಲ್ಲಿ ಎರಡು ಕಲ್ಲುಗಳು ಇನ್ನೂ 6, 7 ಸೆಂ.ಮೀ. ಹೊಂದುತ್ತಿಲ್ಲ. ಎರಡೂ ಚಿಕ್ಕನಾಯಕನಹಳ್ಳಿ ಕಡೆಯವು. ಅಲ್ಲಿ ಷಿಸ್ಟ್ ಪಟ್ಟಿಯ ಅಂಚು ಸಿಕ್ಕುವ ಕಡೆ ಗುರುತ್ವ ಕೆಲವೇ ಕಿ.ಮೀ.ನಲ್ಲಿ ಏರುತ್ತದೆ, ನನ್ನ ಸ್ಟೇಷನ್‌ಗಳು 5 ಕಿ.ಮೀ. ದೂರ ದೂರ. ಆ ಪಟ್ಟಿಯನ್ನು ಅಡ್ಡಲಾಗಿ ಹಾಯುವ ಹಾಗೆ 1.5 ಕಿ.ಮೀ.ಗೊಂದರಂತೆ 22 ಸ್ಟೇಷನ್ ಗುರುತು ಮಾಡಿಟ್ಟಿದ್ದೇನೆ. ನಾಲ್ಕು ಗಣಿ ಬೇಲಿಯ ಒಳಗೆ ಬೀಳುತ್ತವೆ, ಅದಕ್ಕೆ ಅನುಮತಿ ಕೇಳಿದ್ದೇನೆ. ಯಂತ್ರ ಕಾಲೇಜಿಗೆ ವಾಪಸ್ ಹೋಗಿದೆ. ಏಪ್ರಿಲ್ ಎರಡನೇ ವಾರ ಮತ್ತೆ ಸಿಗುತ್ತದೆ ಅಂದಿದ್ದಾರೆ. ಮುಂಗಾರಿಗೆ ಮುಂಚೆ ಮುಗಿಸಬೇಕು, ಮಳೆ ಬಿದ್ದರೆ ಮಣ್ಣಿನ ದಾರಿಯಲ್ಲಿ ಗಾಡಿ ಹೋಗುವುದಿಲ್ಲ.